ಟಿವಿಯ ಹಿಂದಿನ ಬಾಯಿ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಮಾಡುವ ತಪ್ಪೆಂದರೆ ಯಾರನ್ನೂ ಕೇಳದೆ ಗೋಡೆಗೆ ತೂತು ಕೊರೆಯುವುದು. ಕೊರೆದ ಮೇಲೆ ಗೋಡೆಯ ಆಚೆ ಬದಿಗೆ ಹೋಗಿ ನೋಡುತ್ತಾರೆ, ಅಲ್ಲಿ ತೂತೇ ಇರುವುದಿಲ್ಲ. ಅಷ್ಟರಲ್ಲಿ ಊರಿನ ಇನ್ನೊಂದು ತುದಿಯಲ್ಲಿ ರೊಟ್ಟಿ ಬಡಿಯುತ್ತ ಕೂತ ಯಾವಳದೋ ಹಿಟ್ಟಿನ ಪರಾತಕ್ಕೆ ಇಟ್ಟಿಗೆಯ ಪುಡಿ ಉದುರಿ, ಆಕೆ ಕೊರೆದವನ ಏಳು ತಲೆಮಾರನ್ನು ಜಾಲಾಡುತ್ತಿರುತ್ತಾಳೆ. ಆ ಬೈಗುಳ ಇವರು ಕೊರೆದ ತೂತಿನಿಂದಲೇ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮೂರ ತೂತುಗಳ ಸ್ವಭಾವವೇ ಹಾಗೆ. ಒಂದು ಬಾಯಿ ನಿಮ್ಮ ಮನೆಯಲ್ಲಿ, ಇನ್ನೊಂದು ಬಾಯಿ ಯಾರ ಮನೆಯಲ್ಲಿ ಎಂಬುದು ನಿಮ್ಮ ನಿಮ್ಮ ಹಣೆಬರಹ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಮ್ಮಪ್ಪನನ್ನು ನಾನೂ ಕೇಳಿದ್ದೆ, ಅವನು ಗಾರೆ ಕಲಸುವ ಕರಣೆಯಿಂದಲೇ ತಲೆಗೆ ಒಂದು ಕೊಟ್ಟಿದ್ದ.

ನಾನು ಮಳಿಯಪ್ಪ. ಮರೆ ಕೆಲಸದ ಮಳಿಯಪ್ಪ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತು. ಮೊದಲು ಗೋಡೆಗೆ ಗಾರೆ ಮೆತ್ತುವ ಗಿಲಾಯಿ ಕೆಲಸ ಮಾಡುತ್ತಿದ್ದೆ. ಆಗೆಲ್ಲ ಜನ ತೂತಿಗೆ ಹೆದರಿ, ಮೊಳೆ ಬಡಿಯುವಾಗಲೂ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಗೋಡೆಗೆ ತೂಗುಹಾಕುವ ಟಿವಿ ಬಂದದ್ದೇ ತಡ, ಊರಿಗೆ ಊರೇ ಧೈರ್ಯ ತಂದುಕೊಂಡಿತು. ಟಿವಿ ಅಂದ ಮೇಲೆ ಕೇಬಲ್ಲು, ಕೇಬಲ್ಲು ಅಂದ ಮೇಲೆ ತೂತು, ತೂತು ಅಂದ ಮೇಲೆ ನಾನು. ನಮ್ಮಲ್ಲಿ ಕೇಬಲ್ಲು ನಿಮ್ಮ ಕಿಟಕಿಯಿಂದ ನಿಮ್ಮ ಟಿವಿಗೆ ಬರುವುದಿಲ್ಲ. ಕಂಬದಿಂದ ಇನ್ನೊಂದು ಬಾಯಿ ಇರುವ ಮನೆಗೆ ಹೋಗಿ, ಅವರ ಗೋಡೆಯಲ್ಲಿ ಹೊಕ್ಕು, ನಿಮ್ಮ ಟಿವಿಯ ಹಿಂದೆ ಹೊರಬರುತ್ತದೆ. ಹಾಗಾಗಿ ಎರಡು ಮನೆಗೆ ತೂತಿನ ನೆಂಟಸ್ತನ ಬೆಳೆಯುತ್ತದೆ. ಬೀಗರಿಗಾದರೂ ಸುಳ್ಳು ಹೇಳಬಹುದು, ತೂತಿನ ನೆಂಟರಿಗೆ ಹೇಳಲಾಗದು ಎಂಬ ಮಾತೇ ನಮ್ಮಲ್ಲಿದೆ.

ನನ್ನ ಕೆಲಸದ ರೀತಿ ಹೀಗೆ. ಕೊರೆದ ಕೂಡಲೇ ತೂತಿನ ಬಾಯಿಗೆ ಲೋಬಾನದ ಹೊಗೆ ಹಿಡಿದು ಒಳಕ್ಕೆ ಊದುತ್ತೇನೆ. ಆಮೇಲೆ ಊರು ಸುತ್ತುತ್ತ ಮೂಸುತ್ತ ಹೋಗಬೇಕು. ಲೋಬಾನ ಬರುತ್ತಿರುವ ಮನೆ ಸಿಕ್ಕರೆ ಅಲ್ಲಿ ಬೆಲ್ಲ, ಕೊಬ್ಬರಿ ಕೊಟ್ಟು ಕೂತು, ಇಂಥವರ ಮನೆಯ ತೂತು ನಿಮ್ಮಲ್ಲಿ ಬಾಯಿ ಬಿಟ್ಟಿದೆ, ದೊಡ್ಡ ಮನಸ್ಸು ಮಾಡಬೇಕು ಎನ್ನಬೇಕು. ಹೊಸ ತೂತು ಪಳಗುವ ತನಕ ಅದಕ್ಕೆ ಮರೆ ಹಾಕುವುದಿಲ್ಲ, ಹಳೆಯ ಬಟ್ಟೆ ತುರುಕಿ ಬಿಟ್ಟಿರುತ್ತೇವೆ. ಪಳಗಿದ ಮೇಲೆ ಎರಡೂ ಕಡೆಯವರ ಒಪ್ಪಿಗೆ ಪಡೆದು, ಎರಡೂ ಬಾಯಿಗೆ ಚೊಕ್ಕವಾಗಿ ಮರೆ ಕೂಡಿಸುತ್ತೇನೆ. ಮರೆ ಮಾತ್ರ, ಮುಚ್ಚುವುದಲ್ಲ. ಸಿಮೆಂಟು ತುಂಬಿ ಗಟ್ಟಿಯಾಗಿ ಮುಚ್ಚಿದರೆ ಆ ಬಾಯಿ ಸಾಯುತ್ತದೆ, ಆದರೆ ಅದರ ಜೋಡಿ ಸುಮ್ಮನಿರುವುದಿಲ್ಲ, ಬೇರೆ ಜೋಡಿ ಹುಡುಕಿಕೊಳ್ಳುತ್ತದೆ. ಒಬ್ಬ ವಕೀಲರು ಸಿಟ್ಟಿನಲ್ಲಿ ತಮ್ಮ ತೂತಿಗೆ ಸಿಮೆಂಟು ಬಡಿದರು. ಅದರ ಜೋಡಿ ಇದ್ದದ್ದು ಗೌಳಿಯವನ ಕೊಟ್ಟಿಗೆಯಲ್ಲಿ. ಅದು ಹೋಗಿ ಮಠದ ಪೂಜೆಯ ಕೋಣೆಯನ್ನು ಜೋಡಿ ಮಾಡಿಕೊಂಡಿತು. ಸ್ವಾಮಿಗಳು ನಾನು ಬರುವ ತನಕ ಎಮ್ಮೆಗಳ ಜೊತೆಗೇ ಮಂತ್ರ ಹೇಳಿದರು.

ಕೆರೆ ಓಣಿಯ ರಾಚಪ್ಪ ಲಾರಿ ಓಡಿಸುವವನು. ತಿಂಗಳಲ್ಲಿ ಹೆಚ್ಚು ದಿನ ಅವನಿಗೆ ಲಾರಿಯೇ ಮನೆ. ಅವನು ಗೋಡೆಯ ಅರ್ಧದಷ್ಟಿದ್ದ ಟಿವಿ ತಂದಾಗ, ಇಷ್ಟು ದೊಡ್ಡದು ಯಾರು ನೋಡೋದಕ್ಕಪ್ಪ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ಮನೆಯಲ್ಲಿ ತನ್ನ ತಾಯಿ ಮತ್ತು ಹೆಂಡತಿ ಒಬ್ಬರಿಗೊಬ್ಬರು ಮಾತಾಡುವುದು ನಿಂತು ಹೋಗಿದೆ, ಒಳಗೆ ಕಾಲಿಟ್ಟರೆ ಮಸಣಕ್ಕೆ ಬಂದಂತಾಗುತ್ತದೆ, ಟಿವಿಯಾದರೂ ಮಾತಾಡಲಿ ಎಂದು ತಂದಿದ್ದೇನೆ ಎಂದ. ಹೇಳುವಾಗ ಅವನು ನೆಲ ನೋಡುತ್ತಿದ್ದ. ಆಮೇಲೆ ನಾನೂ ಚೇಷ್ಟೆ ಬಿಟ್ಟೆ.

ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ, ಅದರಲ್ಲಿ ಹೊಸದೇನಿದೆ ಎನ್ನುತ್ತೀರಿ. ಆದರೆ ಆ ಮನೆಯ ಮೌನ ಜಗಳದ್ದಲ್ಲ. ರಾಚಪ್ಪನ ಹೆಂಡತಿ ಕಸ್ತೂರಿಗೆ ಬಸುರು ನಿಂತಿತ್ತು, ಆರನೆಯ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಬಂದು ಹೊಸಿಲು ದಾಟುವಾಗ ಅತ್ತೆ ನಿಂಬೆವ್ವ ಒಂದು ಮಾತು ಅಂದಳಂತೆ. 'ಹಂಗ ದಡಬಡ ನಡದ್ರ ಕೂಸು ನಿಂದರ್ತದೇನು?' ಅಷ್ಟೇ. ಕಸ್ತೂರಿ ತಿರುಗಿ ಒಂದು ಮಾತಾಡಲಿಲ್ಲ, ಅಂದಿನಿಂದ ಅತ್ತೆಯ ಕೂಡ ಮಾತೇ ಬಿಟ್ಟಳು. ನಿಂಬೆವ್ವ ಮೊದಮೊದಲು ಏನೋ ಕೇಳಿ ನೋಡಿ, ಉತ್ತರ ಬಾರದೆ, ತಾನೂ ಬಾಯಿಗೆ ಬೀಗ ಹಾಕಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ನಿಂಬೆವ್ವ ಬೆಕ್ಕಿಗೆ ಹೇಳುತ್ತಿದ್ದಳು, ಕಸ್ತೂರಿ ಉಪ್ಪಿನ ಡಬ್ಬಿ ತಂದು ಬೆಕ್ಕಿನ ಮುಂದೆ ಇಡುತ್ತಿದ್ದಳು.

ನಾನು ಪಡಸಾಲೆಯ ಗೋಡೆ ಕೊರೆದು ಬ್ರಾಕೆಟ್ ಕೂಡಿಸಿದೆ. ಮುಂದಕ್ಕೆ ಎಳೆದು ಪಕ್ಕಕ್ಕೆ ತಿರುಗಿಸುವ ಕೈಯಿದ್ದ ಬ್ರಾಕೆಟ್ಟು, ರಾಚಪ್ಪ ದೂರದ ಊರಿಂದ ತಂದದ್ದು. ತೂತು ಹೆಬ್ಬೆರಳಿನ ಗಾತ್ರ, ಟಿವಿಯ ನೇರ ಹಿಂದೆ. ಲೋಬಾನ ಊದಿ ಊರು ಸುತ್ತಿದೆ. ವಾಸನೆ ಸಿಕ್ಕಿದ್ದು ಗಾಣಿಗೇರ ಓಣಿಯ ಸಾಲುಮನೆಯಲ್ಲಿ, ಹಾಲವ್ವನ ಒಂಟಿ ಕೋಣೆಯಲ್ಲಿ. ಹಾಲವ್ವ ಹಳೆಯ ಬಟ್ಟೆಯ ಚೂರು ಕೂಡಿಸಿ ಕೌದಿ ಹೊಲಿಯುವವಳು. ಊರಲ್ಲಿ ಹುಟ್ಟಿದ ಅರ್ಧ ಮಕ್ಕಳು ಅವಳು ಹೊಲಿದ ಕೌದಿಯ ಮೇಲೇ ಉಚ್ಚೆ ಹೊಯ್ದು ಬೆಳೆದವರು, ನನ್ನನ್ನೂ ಸೇರಿಸಿ. ಮದುವೆ ಮಕ್ಕಳು ಅವಳಿಗೆ ಒದಗಿ ಬರಲಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ಕೆಮ್ಮುತ್ತ, ಸೂಜಿ ಬಿಡದೆ, ಬೆಲ್ಲ ಅಲ್ಲಿಡು, ಕೇಬಲ್ಲು ಎಲ್ಲಿ ಬೇಕಾದರೂ ಎಳಕೋ, ನನ್ನ ದಾರದ ಬುಟ್ಟಿ ಮಾತ್ರ ತುಳಿಯಬೇಡ ಎಂದಳು. ಕೇಬಲ್ಲು ಎಳೆದು, ಎರಡೂ ಬಾಯಿಗೆ ಬಟ್ಟೆ ತುರುಕಿ, ತೂತು ಪಳಗಲಿ ಎಂದು ಬಿಟ್ಟು ಬಂದೆ.

ಮಳೆಗಾಲ ಮುಗಿದ ಮೇಲೆ ರಾಚಪ್ಪ ದಾರಿಯಲ್ಲಿ ಸಿಕ್ಕ. ತೂತಿಗೆ ಮರೆ ಹಾಕುವುದು ಉಳಿದೇ ಇದೆ, ವೈರು ಹಂಗೇ ಜೋತಾಡುತ್ತಿದೆ, ಹಬ್ಬಕ್ಕೆ ನಾಲ್ಕು ಜನ ಬರುವವರಿದ್ದಾರೆ ಎಂದ. ಜೊತೆಗೆ ಒಂದು ದೂರು ಹೇಳಿದ. ತಾನು ಯಾವಾಗ ಬಂದರೂ ಟಿವಿ ಊರಿಗೆಲ್ಲ ಕೇಳುವಷ್ಟು ಜೋರಾಗಿ ಹಚ್ಚಿರುತ್ತದೆ, ಪಕ್ಕಕ್ಕೆ ತಿರುಗಿಯೂ ಇರುತ್ತದೆ, ಅದನ್ನು ನೋಡುವವರು ಮಾತ್ರ ಯಾರೂ ಇರುವುದಿಲ್ಲ. ಬ್ರಾಕೆಟ್ಟು ಸಡಿಲಾಗಿರಬೇಕು ನೋಡು ಎಂದ. ನಾನು ಕೂಡಿಸಿದ ಬ್ರಾಕೆಟ್ಟು ಸಡಿಲಾಗುವುದೇ? ನನಗೆ ಸಿಟ್ಟು ಬಂತು. ಮರುದಿನವೇ ಚೀಲ ಹೆಗಲಿಗೇರಿಸಿ ಹೋದೆ.

ಬ್ರಾಕೆಟ್ಟು ಗಟ್ಟಿಯಾಗಿಯೇ ಇತ್ತು. ಟಿವಿ ಪಕ್ಕಕ್ಕೆ ಸರಿಸಿ ನೋಡಿದರೆ ತೂತಿನ ಸುತ್ತ ಗೋಡೆಯ ಬಣ್ಣ ಸವೆದು, ಯಾರೋ ಹಣೆ ಒರಗಿಸಿ ಒರಗಿಸಿ ಎಣ್ಣೆಯ ಕಲೆಯಾಗಿತ್ತು. ನಾನು ತುರುಕಿದ ಬಟ್ಟೆಯ ಬದಲು ಬೇರೆ ಯಾವುದೋ ಬಟ್ಟೆ ಸಡಿಲವಾಗಿ ಇತ್ತು. ನಿಂಬೆವ್ವ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಮುಚ್ಚಿದಂತೆಯೇ ಕಾಣಬೇಕು, ನೋಡಿದವರಿಗೆ ಇಲ್ಲೊಂದು ತೂತಿತ್ತು ಎಂದೇ ಗೊತ್ತಾಗಬಾರದು ಎಂದಳು. ಅಕ್ಕಿಯಿಂದ ಕಣ್ಣೆತ್ತದೆ ಇನ್ನೊಂದು ಮಾತು ಸೇರಿಸಿದಳು.

'ಆದ್ರ ಬಿಗಿ ಮಾಡಬ್ಯಾಡಪಾ ಮಳಿಯಪ್ಪ. ಗ್ವಾಡಿಗೂ ಉಸಿರಾಡಾಕ ಜಾಗಾ ಬೇಕಾಗತೈತಿ.'

ಹಳೆಯ ಕಾಲದ ಹೆಂಗಸರ ನಂಬಿಕೆ ಎಂದುಕೊಂಡು ತಲೆಯಾಡಿಸಿದೆ. ಅಳತೆ ತೆಗೆದುಕೊಂಡು ಹಿತ್ತಲಿಗೆ ಕೈ ತೊಳೆಯಲು ಹೋದಾಗ ಕಸ್ತೂರಿ ತಂಬಿಗೆಯಲ್ಲಿ ನೀರು ಹಿಡಿದು ಬಂದಳು. ಕೈಗೆ ನೀರು ಹಾಕುವ ನೆಪದಲ್ಲಿ, ಬಾಗಿಲ ಕಡೆ ನೋಡಿಕೊಂಡು, ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ನಾನು ತೂತು ಕೊರೆದು ಹೋದ ಕೆಲವು ದಿನಕ್ಕೆ ಅವಳು ಟಿವಿಯ ಧೂಳು ಒರೆಸುತ್ತಿದ್ದಳಂತೆ. ಅವಳಿಗೆ ಗೊತ್ತಿಲ್ಲದೆ ನಿಟ್ಟುಸಿರು ಬಂತು. ಆ ಕಡೆಯಿಂದ ಒಂದು ದನಿ, ಯಾರವ್ವಾ ಅದು ಇಷ್ಟುದ್ದ ಉಸಿರು ಬಿಡುವಾಕಿ ಎಂದು ಕೇಳಿತು. ಆ ಮಧ್ಯಾಹ್ನ ಕಸ್ತೂರಿ ಗೋಡೆಗೆ ಹಣೆ ಹಚ್ಚಿ ಅತ್ತದ್ದೇ ಅತ್ತದ್ದು. ತವರಿನಲ್ಲಿ ಹೇಳುವಂತಿರಲಿಲ್ಲ, ಹೇಳಿದರೆ ಅಪ್ಪ ಬಡಿಗೆ ಹಿಡಿದು ಬರುವವನು. ಗಂಡನಿಗೆ ಹೇಳಹೋದರೆ ಅವನು ಲಾರಿಯ ಕೀಲಿ ಹುಡುಕುತ್ತಾನೆ. ಅಂದಿನಿಂದ ಅತ್ತೆ ಸಂಜೆ ಮಠಕ್ಕೆ ಹೋದ ಕೂಡಲೇ ಟಿವಿ ಜೋರು ಮಾಡಿ, ಪಕ್ಕಕ್ಕೆ ತಿರುಗಿಸಿ, ಹಾಲವ್ವನ ಕೂಡ ಮಾತಾಡುತ್ತಾಳೆ. ಹಾಲವ್ವನಿಗೆ ಹೊಲಿಯಲು ಬಟ್ಟೆಯ ಚೂರು ಬೇಕಾದರೆ ತನ್ನ ಸೀರೆ ಹರಿದು, ಬತ್ತಿಯಂತೆ ಹೊಸೆದು, ಕೇಬಲ್ಲಿನ ಪಕ್ಕದಿಂದ ನೂಕಿ ಕಳಿಸುತ್ತಾಳೆ.

'ಮಳಿಯಣ್ಣ, ಈ ಮನ್ಯಾಗ ನನ್ನ ಕೂಸಿನ ಮಾತು ತಗಿಯಾಕ ಅದೊಂದ ಜಾಗಾ ಐತ್ರಿ. ಅದನ್ನ ಮುಚ್ಚಬ್ಯಾಡ್ರಿ.'

ತಂಬಿಗೆಯ ನೀರು ತೀರಿ ಎಷ್ಟೋ ಹೊತ್ತಾಗಿತ್ತು, ಅವಳು ಬರಿದೇ ಬಗ್ಗಿಸಿ ಹಿಡಿದೇ ಇದ್ದಳು. ನನಗೂ ಇಬ್ಬರು ಹೆಣ್ಣು ಮಕ್ಕಳಿದ್ದಾರೆ, ಕೊಟ್ಟ ಮನೆಯಲ್ಲಿ ಅವರು ಯಾವ ಗೋಡೆಗೆ ಹಣೆ ಒರಗಿಸುತ್ತಾರೋ ಯಾರಿಗೆ ಗೊತ್ತು. ನೋಡೋಣ ತಂಗಿ ಎಂದಷ್ಟೇ ಹೇಳಿ ಹೊರಬಿದ್ದೆ. ಆದರೆ ನಿಂಬೆವ್ವನ ಮೇಲೆ ನನಗೆ ಹುಟ್ಟಿದ ಸಿಟ್ಟು ದಾರಿಯುದ್ದಕ್ಕೂ ಇಳಿಯಲಿಲ್ಲ. ತಾನೇ ಹೆಣ್ಣಾಗಿ, ತಾನೇ ಹೆತ್ತವಳಾಗಿ, ಆ ಹೊತ್ತಿನಲ್ಲಿ ಆ ಮಾತು ಹೇಗೆ ಬಾಯಿಗೆ ಬಂತು?

ಒಪ್ಪಿಗೆ ಕೇಳಲು ಹಾಲವ್ವನ ಕೋಣೆಗೆ ಹೋದೆ. ಅವಳ ತೊಡೆಯ ಮೇಲೆ ಒಂದು ಪುಟ್ಟ ಕೌದಿ ಇತ್ತು, ತೊಟ್ಟಿಲಿಗೆ ಹಾಸುವಷ್ಟು. ಎರಡೇ ಬಗೆಯ ಬಟ್ಟೆ ಅದರಲ್ಲಿ. ಒಂದು ಎಳೆ ಹಸಿರು, ಅದರ ಮೇಲೆ ಹಳದಿ ಹೂವು, ಈಗಿನ ಹುಡುಗಿಯರು ಉಡುವಂಥದು. ಇನ್ನೊಂದು ದಾಳಿಂಬೆ ಬಣ್ಣದ ಇಳಕಲ್ಲು, ತೊಳೆದೂ ತೊಳೆದೂ ಬೆಣ್ಣೆಯಂತಾಗಿತ್ತು. ಅಂಥ ಸೀರೆ ಈಗ ಯಾರ ಟ್ರಂಕಿನಲ್ಲೂ ಸಿಗುವುದಿಲ್ಲ. ಓಹೋ, ಕಸ್ತೂರಿ ಅತ್ತೆಯ ಸೀರೆಗೂ ಕತ್ತರಿ ಹಾಕಿದ್ದಾಳೆ ಎಂದು ಒಳಗೊಳಗೇ ಖುಷಿಪಟ್ಟೆ. ಹಾಗೆಯೇ ಆಗಬೇಕು ಆ ಮುದುಕಿಗೆ. ಇದು ಯಾರ ಮಗುವಿಗೆ ಎಂದು ಹಾಲವ್ವನನ್ನು ಕೇಳಿದೆ. ಹೊದೆಯುವ ಮಗುವಿಗೆ ಎಂದಳು. ಆ ಕಡೆಯಿಂದ ಕಸ್ತೂರಿ ದಿನಾ ಮಾತಾಡುತ್ತಾಳಂತಲ್ಲ ಎಂದೆ. ಮಾತಾಡುವವರು ಮಾತಾಡುತ್ತಾರೆ, ಕೇಳುವವರು ಕೇಳುತ್ತಾರೆ ಎಂದಳು. ಹಾಲವ್ವನ ಮಾತೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಇತ್ತಲೂ ಬೆಳಕು ಅತ್ತಲೂ ಬೆಳಕು.

ಮರೆ ಹಾಕಲು ಒಪ್ಪುತ್ತೀಯಾ ಎಂದದ್ದಕ್ಕೆ ಮಾತ್ರ ಅವಳು ಸೂಜಿ ಕೆಳಗಿಟ್ಟಳು.

'ಮರೆ ಹಾಕು ತಮ್ಮಾ, ಚೊಲೋನ ಹಾಕು. ಆದ್ರ ಬಾಯಿ ಕಟ್ಟಬ್ಯಾಡ. ಈ ಕೌದಿ ಮುಗಿಯೂ ಮಟಾ ಆದ್ರೂ ಕಟ್ಟಬ್ಯಾಡ.'

ಅವಳ ಆತುರಕ್ಕೂ ಕಾರಣವಿತ್ತು. ಸಾಲುಮನೆಯ ಮಾಲೀಕರು ಅದನ್ನು ಕೆಡವಿ ಅಂಗಡಿ ಕಟ್ಟಿಸುವವರಿದ್ದರು. ಸುಗ್ಗಿ ಮುಗಿಯುವುದರೊಳಗೆ ಎಲ್ಲರೂ ಕೋಣೆ ಬಿಡಬೇಕಿತ್ತು. ಹಾಲವ್ವ ತನ್ನ ಅಕ್ಕನ ಮಗಳ ಊರಿಗೆ ಹೋಗುವವಳಿದ್ದಳು. ಆ ಊರಲ್ಲಿ ಗೋಡೆ ಕೊರೆದರೆ ಹಿತ್ತಲೇ ಕಾಣುತ್ತದಂತೆ, ಅದೇನು ಬದುಕೋ ಎಂದು ತಾನೇ ನಕ್ಕಳು. ಗೋಡೆ ಬಿದ್ದ ದಿನ ಈ ಬಾಯಿ ಸಾಯುತ್ತದೆ, ರಾಚಪ್ಪನ ಮನೆಯ ಬಾಯಿ ಬೇರೆ ಜೋಡಿ ಹುಡುಕುತ್ತದೆ. ಕಸ್ತೂರಿಯ ಆಸರೆ ಅಷ್ಟರವರೆಗೆ ಮಾತ್ರ ಎಂಬುದು ನನಗೂ ಹಾಲವ್ವನಿಗೂ ಗೊತ್ತಿತ್ತು. ಅವಳಿಗೆ ಹೇಳಿದ್ದೀಯಾ ಎಂದೆ. ಹೇಳಲು ಬಾಯಿ ಬರುತ್ತಿಲ್ಲ ಎಂದಳು ಹಾಲವ್ವ, ಮತ್ತು ಆ ಒಂದು ಮಾತನ್ನು ಅಡ್ಡಗೋಡೆಯ ಮೇಲೆ ಇಡದೆ ನೇರವಾಗಿಯೇ ಹೇಳಿದಳು.

ಆ ಮರೆಯಷ್ಟು ಮನಸ್ಸಿಟ್ಟು ನಾನು ಬೇರೆ ಯಾವುದನ್ನೂ ಮಾಡಿಲ್ಲ. ತೆಳ್ಳನೆಯ ಹಲಗೆಯಿಂದ ದುಂಡನೆಯ ಎರಡು ಬಿಲ್ಲೆ ಕೊಯ್ದು, ಒಂದರ ಮೇಲೊಂದು ಕೂಡಿಸಿದೆ. ಎರಡಕ್ಕೂ ಒಂದೊಂದು ಕಿಂಡಿ. ಮೇಲಿನದನ್ನು ಉಗುರಿನಿಂದ ಒಂಚೂರು ತಿರುವಿದರೆ ಕಿಂಡಿಗೆ ಕಿಂಡಿ ಕೂಡಿ ಬಾಯಿ ತೆರೆಯುತ್ತದೆ, ಹಿಂದಕ್ಕೆ ತಿರುವಿದರೆ ಮುಚ್ಚಿಕೊಳ್ಳುತ್ತದೆ. ಕೆಳಗಿನ ಕಚ್ಚಿನಲ್ಲಿ ಕೇಬಲ್ಲು ಇಳಿಯುವಂತೆ ಮಾಡಿ, ಜೋತಾಡುವ ವೈರಿಗೆಲ್ಲ ಪಟ್ಟಿ ಹೊಡೆದೆ. ಅಂಚಿಗೆ ಪುಟ್ಟಿ ಎಳೆದು, ತಿಕ್ಕಿ, ಗೋಡೆಯದೇ ಬಣ್ಣ ಬಳಿದೆ. ನಾನೇ ಕೈಯಾಡಿಸಿ ಹುಡುಕಬೇಕು, ಹಾಗಿತ್ತು. ಉಗುರು ಎಲ್ಲಿ ಹಾಕಬೇಕೆಂದು ಕಸ್ತೂರಿಗೆ ಕಣ್ಣಲ್ಲೇ ತೋರಿಸಿದೆ. ಅವಳ ಮುಖ ಬಿಚ್ಚಿಕೊಂಡದ್ದು ನೋಡಿ ನನ್ನ ಮೇಲೆ ನನಗೇ ಪ್ರೀತಿ ಬಂತು. ಆಮೇಲೆ ನಿಂಬೆವ್ವ ಬಂದು ನೋಡಿದಳು. ಬೆರಳಿನಿಂದ ಬಿಲ್ಲೆಯ ಅಂಚನ್ನು ಸುತ್ತಲೂ ಸವರಿದಳು. ಬೆರಳು ಒಂದು ಕಡೆ ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು, ಕೆಲಸ ಬೇಷಿದೆ, ಚಹಾ ಕುಡಿದು ಹೋಗು ಎಂದಳು. ಮುದುಕಿಯ ಕಣ್ಣಿಗೆ ಮಣ್ಣೆರಚಿದೆ ಎಂದು ಹಿಗ್ಗುತ್ತ ಎರಡು ಲೋಟ ಕುಡಿದೆ.

ಸುಗ್ಗಿ ಬಂತು, ಹೋಯಿತು. ಒಂದು ಬೆಳಿಗ್ಗೆ ಹಾಲವ್ವ ಹೇಳಿ ಕಳಿಸಿದಳು. ಹೋದರೆ ಕೋಣೆ ಖಾಲಿ, ಗಂಟು ಬಾಗಿಲಲ್ಲಿ. ಓಣಿಯ ತುದಿಯಲ್ಲಿ ಗೋಡೆ ಬೀಳಿಸುವ ಮಷೀನು ಬಂದು ನಿಂತಿತ್ತು. ಮಡಿಚಿದ ಪುಟ್ಟ ಕೌದಿಯನ್ನು ಅವಳು ನನ್ನ ಕೈಗಿಟ್ಟಳು. ಮೂರು ಅಂಚು ಹೊಲಿದಾಗಿತ್ತು, ನಾಲ್ಕನೆಯದು ಹಾಗೇ ಬಿಚ್ಚಿಕೊಂಡಿತ್ತು, ಸೂಜಿ ಅದರಲ್ಲೇ ಚುಚ್ಚಿಟ್ಟಿತ್ತು. ಹೊತ್ತು ಸಾಲಲಿಲ್ಲವೇ ಎಂದೆ. ಸಾಲುತ್ತಿತ್ತು, ಬೇಕೆಂದೇ ಬಿಟ್ಟೆ ಎಂದಳು. ಕಸ್ತೂರಿಗೆ ಕೊಡಲೇ ಎಂದೆ. ಆ ಮನೆಗೆ ಕೊಡು ಎಂದಳು. ಯಾರ ಹೆಸರೂ ಹೇಳಲಿಲ್ಲ. ಬಸ್ಸಿನ ತನಕ ಗಂಟು ಹೊತ್ತುಕೊಟ್ಟೆ. ಅವಳು ಕಿಟಕಿಯ ಪಕ್ಕ ಕೂತು, ಬಸ್ಸಿನ ತಗಡಿಗೂ ಒಮ್ಮೆ ಕಿವಿ ಹಚ್ಚಿ ನೋಡಿದಳು, ರೂಢಿ ಬಿಡುತ್ತದೆಯೇ.

ಸಂಜೆಯ ಹೊತ್ತಿಗೆ ಸಾಲುಮನೆ ನೆಲಕ್ಕೆ ಬಿತ್ತು. ಮರುದಿನ ರಾಚಪ್ಪನ ಮನೆಯಿಂದ ಕರೆ ಬಂತು. ಅವನು ಊರಲ್ಲಿರಲಿಲ್ಲ, ಪಕ್ಕದ ಮನೆಯವರ ಕೈಲಿ ನಿಂಬೆವ್ವನೇ ಹೇಳಿ ಕಳಿಸಿದ್ದಳು. ಟಿವಿ ನಿಂತು ಹೋಗಿದೆ, ಬೇಗ ಬಾ. ಕೌದಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಅತ್ತೆಯ ಕಣ್ಣು ತಪ್ಪಿಸಿ ಅದನ್ನು ಕಸ್ತೂರಿಗೆ ಮುಟ್ಟಿಸುವುದು ಹೇಗೆ, ಹಾಲವ್ವ ಹೋದಳೆಂದು ತಿಳಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಪಡಸಾಲೆಯಲ್ಲಿ ಇಬ್ಬರೂ ಇದ್ದರು. ಒಬ್ಬಳು ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು, ಇನ್ನೊಬ್ಬಳು ಟಿವಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಇಬ್ಬರ ಕಣ್ಣೂ ಊದಿಕೊಂಡಿದ್ದವು. ಟಿವಿ ಪಕ್ಕಕ್ಕೆ ತಿರುಗಿಸಿಟ್ಟಿತ್ತು. ನಾನು ಏನೂ ಗೊತ್ತಿಲ್ಲದವನಂತೆ ಬಿಲ್ಲೆ ತಿರುವಿದೆ. ಆ ಕಡೆಯಿಂದ ಯಾವನೋ ಗಂಡಸು ಬಾಯಿ ಮುಕ್ಕಳಿಸಿ ಗಂಟಲು ಕ್ಯಾಕರಿಸುವ ಸದ್ದು ಬಂತು. ಬಾಯಿ ಹೊಸ ಜೋಡಿ ಹುಡುಕಿಕೊಂಡಿತ್ತು. ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೇಳಬೇಕೆಂದರೂ ಅತ್ತೆಯ ಎದುರು ಕೇಳುವಂತಿರಲಿಲ್ಲ ಅವಳು. ನಾನೂ ಹೇಳುವಂತಿರಲಿಲ್ಲ. ಆಗ ನೆಲದ ಮೇಲೆ ಕೂತಿದ್ದ ನಿಂಬೆವ್ವ ನನ್ನ ಧೋತರದ ಅಂಚು ಹಿಡಿದಳು.

'ಹಾಲವ್ವ ಎಲ್ಲಿ ಹ್ವಾದ್ಲೋ ಮಳಿಯಪ್ಪ? ನಿನ್ನಿ ಮಧ್ಯಾಹ್ನದಿಂದ ಕರದ ಕರದೀನಿ, ಓಗೊಡವಲ್ಲಳು.'

ಬಿಲ್ಲೆಯ ಮೇಲಿದ್ದ ನನ್ನ ಬೆರಳು ಜಾರಿತು. ಕಸ್ತೂರಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಹಾಲವ್ವನ ಹೆಸರು ಆ ಮನೆಯಲ್ಲಿ ಅವಳು ಒಮ್ಮೆಯೂ ಉಸುರಿರಲಿಲ್ಲ. ಸಂಜೆ ಅತ್ತೆ ಮಠಕ್ಕೆ ಹೋದ ಮೇಲೆ ಕಸ್ತೂರಿಯ ಸರದಿ. ಮಧ್ಯಾಹ್ನ ಸೊಸೆ ಗಿರಣಿಗೋ ಬಟ್ಟೆ ಒಗೆಯಲೋ ಹೋದಾಗ ಟಿವಿ ಜೋರು ಮಾಡಿ, ಪಕ್ಕಕ್ಕೆ ತಿರುಗಿಸಿ, ಅದೇ ತೂತಿಗೆ, ಅದೇ ಗೋಡೆಗೆ ಹಣೆ ಹಚ್ಚಿದವಳು ನಿಂಬೆವ್ವ. ಗೋಡೆ ಉಸಿರಾಡಬೇಕು ಎಂದದ್ದು ಯಾಕೆ, ಬೆರಳು ಅಂಚಿನಲ್ಲಿ ನಿಂತದ್ದು ಯಾಕೆ, ಎಲ್ಲ ನನಗೆ ಆಗ ಹೊಳೆಯಿತು. ಮಣ್ಣು ಬಿದ್ದದ್ದು ನನ್ನ ಕಣ್ಣಿಗೇ.

ಚೀಲದಿಂದ ಕೌದಿ ತೆಗೆದು ಇಬ್ಬರ ನಡುವೆ ನೆಲದ ಮೇಲೆ ಹಾಸಿದೆ, ಹಾಲವ್ವ ಊರು ಬಿಟ್ಟಳು, ಇದನ್ನು ಈ ಮನೆಗೆ ಕೊಡೆಂದಳು ಎಂದು ಹೇಗೋ ಹೇಳಿ ಮುಗಿಸಿದೆ. ಕಸ್ತೂರಿ ಹಸಿರು ಬಟ್ಟೆ ಗುರುತಿಸಿ ಕುಸಿದು ಕೂತಳು. ಬಸುರಿನಲ್ಲಿ ತವರಿಂದ ತಂದ ಸೀರೆಯದು, ಕೂಸಿಗೆ ಕೌದಿ ಮಾಡಿಸಬೇಕೆಂದು ಎತ್ತಿಟ್ಟಿದ್ದಳಂತೆ. ಆಮೇಲೆ ಅವಳ ಕೈ ದಾಳಿಂಬೆ ಬಣ್ಣದ ಮೇಲೆ ಹೋಯಿತು. ಇದು ಯಾರದು ಎನ್ನುವಂತೆ ಅತ್ತೆಯನ್ನು ನೋಡಿದಳು. ಅವಳು ಅತ್ತೆಯ ಮುಖ ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಿಂಬೆವ್ವ ಬಹಳ ಹೊತ್ತು ಆ ಬಟ್ಟೆಯನ್ನು ಸವರಿದಳು. ರಾಚಪ್ಪನಿಗಿಂತ ಮೊದಲು ತನ್ನ ಹೊಟ್ಟೆಯಲ್ಲಿ ಒಂದು ಬಂದಿತ್ತು, ಅದೂ ಹೀಗೆಯೇ ಹೋಯಿತು, ಬಸುರಿಗೆ ಮಾಡುವ ಕುಬುಸದ ಕಾರ್ಯಕ್ಕೆ ಉಟ್ಟ ಸೀರೆ ಇದು, ಆಮೇಲೆ ಉಡಲಿಲ್ಲ, ಯಾರಿಗೂ ಕೊಡಲೂ ಇಲ್ಲ ಎಂದಳು. ಗಂಡನಿಗೂ ಮಗನಿಗೂ ಹೇಳದ್ದನ್ನು ಒಂದು ತೂತಿನೊಳಗೆ ಹೇಳಿಕೊಂಡೆ ಎಂದಳು. ಅದನ್ನೆಲ್ಲ ಅವಳು ಕೌದಿಗೆ ಹೇಳುತ್ತಿದ್ದಳು. ಕಡೆಗೆ ತಲೆಯೆತ್ತಿದಳು.

'ನನ್ನ ಅತ್ತಿ ನನಗ ಹೊಸ್ತಲದಾಗ ಅಂದಿದ್ದನ್ನ ನಾ ನಿನಗ ಅಂದೆ ಕಸ್ತೂರಿ. ಅಂಥಾ ಹೊತ್ತಿನ್ಯಾಗ ಆಡೂ ಬ್ಯಾರೆ ಮಾತು ನನಗ ಯಾರೂ ಕಲಿಸಿರಲಿಲ್ಲವ್ವಾ.'

ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲ್ಲಾಡುತ್ತಿತ್ತು. ನಿಂಬೆವ್ವ ಕೈ ಮುಂದೆ ಮಾಡಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮುಂದೆ ಮಾಡಿ ಅವಳ ಬೆನ್ನ ಮೇಲೆ ಇಟ್ಟಳು. ನಾನು ಗೋಡೆಯ ಕಡೆ ತಿರುಗಿ, ಏನೂ ಕೆಲಸವಿಲ್ಲದಿದ್ದರೂ ಸ್ಕ್ರೂ ಬಿಚ್ಚಿ ಬಿಚ್ಚಿ ಹಾಕಿದೆ. ಗಂಡಸರ ಕಣ್ಣೀರಿಗೆ ನಮ್ಮೂರಲ್ಲಿ ಇನ್ನೂ ತೂತು ಕೊರೆದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಕಸ್ತೂರಿಯ ದನಿ ಕೇಳಿಸಿತು, ಅಳು ಇನ್ನೂ ಅಂಟಿಕೊಂಡಿದ್ದ ದನಿ.

'ಈ ಅಂಚು ಹೊಲಿದ ಇಲ್ಲ, ಅತ್ತಿ.'

ನಿಂಬೆವ್ವ ಕೌದಿಯ ಆ ತುದಿ ಎಳೆದು ನೋಡಿದಳು, ಕಸ್ತೂರಿ ಈ ತುದಿ ಹಿಡಿದಳು. ಕೌದಿ ಹೊಲಿಯುವುದನ್ನು ಬಲ್ಲವರಿಗೆ ಗೊತ್ತು, ಒಬ್ಬರೇ ಕೂತರೆ ಅಂಚು ಸೆಟೆದು ನಿಲ್ಲುವುದಿಲ್ಲ, ಆ ಕಡೆ ಒಬ್ಬರು ಹಿಡಿಯಲೇಬೇಕು. ಹಾಲವ್ವ ಜನ್ಮವಿಡೀ ತನ್ನ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೇ ಹೊಲಿದವಳು.

ಗೋಡೆಯೊಳಗಿನ ಗಂಡಸು ಈಗ ಹಲ್ಲುಜ್ಜಿ ಮುಗಿಸಿ ಯಾರನ್ನೋ ಚಹಾಕ್ಕೆ ಕೂಗುತ್ತಿದ್ದ. ಏನು ಮಾಡಲಿ ಎಂದು ನಾನು ಕೇಳಿದೆ. ಆ ಬಾಯಿಗೆ ಬರೀ ಸಾದಾ ಮರೆ ಹಾಕು, ಆ ಕಡೆ ಯಾರಿದ್ದಾರೋ ಏನೋ, ನಮ್ಮ ಮನೆಯ ಮಾತು ಅವರಿಗ್ಯಾಕೆ ಎಂದಳು ನಿಂಬೆವ್ವ, ಸೂಜಿಗೆ ದಾರ ಪೋಣಿಸುತ್ತ. ನಾನು ಕಿಂಡಿಯ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು, ಕಿಂಡಿಯಿಲ್ಲದ್ದನ್ನು ಕೂಡಿಸಿದೆ. ಟಿವಿ ಮತ್ತೆ ಹತ್ತಬೇಕಾದರೆ ಹೊಸ ನೆಂಟರನ್ನು ಹುಡುಕಿ, ಬೆಲ್ಲ ಕೊಬ್ಬರಿ ಕೊಟ್ಟು, ಅವರ ಮನೆಯಿಂದ ಕೇಬಲ್ಲು ಎಳೆಯಬೇಕಿತ್ತು. ಲೋಬಾನ ತಗೊಂಡು ಯಾವಾಗ ಬರಲಿ ಎಂದು ಕೇಳಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅಂಚಿಗೆ ಕೆಂಪು ದಾರವೋ ಹಳದಿ ದಾರವೋ ಎಂದು ಅತ್ತೆ ಸೊಸೆಗೆ ಜಗಳ ಹತ್ತಿತ್ತು. ಬೆಕ್ಕು ಉಪ್ಪಿನ ಡಬ್ಬಿಯ ಪಕ್ಕ ಮಲಗಿತ್ತು, ಅದನ್ನು ಯಾರೂ ಏನೂ ಕೇಳುತ್ತಿರಲಿಲ್ಲ.